ಥಾರ್ ಡೀಸೆಲ್‌ಗೆ ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಲಾ? ಘಾಟಿಯಲ್ಲಿ ಎಳೆಯುತ್ತಿಲ್ಲ

ತೋಟದ ಥಾರ್, ಸಕಲೇಶಪುರ:

ಎಲ್ಲರಿಗೂ ನಮಸ್ಕಾರ. ನನ್ನದು 2021ರ ಥಾರ್, 2.2 ಡೀಸೆಲ್, ಮ್ಯಾನುಯಲ್. 61 ಸಾವಿರ ಕಿ.ಮೀ. ಓಡಿದೆ. ಅರ್ಧ ಓಡಾಟ ತೋಟದ ಮಣ್ಣು ರಸ್ತೆಯಲ್ಲಿ, ಇನ್ನರ್ಧ ಹಾಸನ, ಮಂಗಳೂರು ಅಂತ. ಶಿರಾಡಿ ಘಾಟಿ ವಾರಕ್ಕೊಮ್ಮೆಯಾದರೂ ಇದ್ದೇ ಇರುತ್ತದೆ.

ಒಂದೆರಡು ತಿಂಗಳಿಂದ ಗಾಡಿ ಸ್ವಲ್ಪ ಸೋಮಾರಿ ಆಗಿದೆ ಅನಿಸುತ್ತಿದೆ. ಮೂರನೇ ಗೇರಿನಲ್ಲಿ ಲಾರಿ ಹಿಂದೆ ಹಾಕೋಣ ಅಂತ ಒತ್ತಿದರೆ ಮೊದಲಿನ ಹಾಗೆ ನುಗ್ಗುವುದಿಲ್ಲ, ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟೂ ಇಲ್ಲ. ಹೊಗೆ ಸ್ವಲ್ಪ ಜಾಸ್ತಿ ಅಂತ ಹಿಂದೆ ಬರುತ್ತಿದ್ದ ತಮ್ಮ ಹೇಳಿದ, ನನಗೆ ಕಾಣಿಸಿಲ್ಲ.

ಮೊನ್ನೆ ಬೆಂಗಳೂರಿಗೆ ಹೋದಾಗ ಒಂದು ಆಕ್ಸೆಸರಿ ಅಂಗಡಿಯಲ್ಲಿ ವಿಚಾರಿಸಿದೆ. ಕೋಲ್ಡ್ ಏರ್ ಇನ್‌ಟೇಕ್, ಅಂದರೆ ಎಂಜಿನ್ನಿಗೆ ತಂಪು ಗಾಳಿ ಎಳೆಯುವ ಫಿಲ್ಟರ್, ಪೈಪಿನ ಕಿಟ್, ಹಾಕಿಸಿ ಸಾರ್, 15 ಎಚ್‌ಪಿ ಗ್ಯಾರಂಟಿ, ಮೈಲೇಜೂ ಏರುತ್ತದೆ ಅಂದರು. 18 ಸಾವಿರ. ಕೆಂಪು ಕೋನ್ ಫಿಲ್ಟರ್, ಹೊಳೆಯುವ ಅಲ್ಯೂಮಿನಿಯಂ ಪೈಪು, ನಾಲ್ಕು ಕ್ಲಾಂಪು. ನೋಡಲು ಚೆನ್ನಾಗೇ ಇದೆ. ಕಂಪನಿ ಕೊಟ್ಟ ಫಿಲ್ಟರ್ ಡಬ್ಬ ತೆಗೆದು ಅದೇ ಜಾಗದಲ್ಲಿ ಇದನ್ನು ಕೂರಿಸುತ್ತಾರಂತೆ. ದುಡ್ಡು ಕೊಡಲು ತಯಾರಿದ್ದೇನೆ, ಆದರೆ ಮುಂದಿನ ತಿಂಗಳು ಮಳೆ ಶುರುವಾಗುತ್ತದೆ, ಅದೇ ಭಯ. ಯಾರಾದರೂ ಹಾಕಿಸಿದ್ದೀರಾ? ಯಾವ ಕಿಟ್ ಒಳ್ಳೆಯದು? ಅಥವಾ ಡಬ್ಬ ಹಾಗೇ ಇಟ್ಟು ಒಳಗಿನ ಫಿಲ್ಟರ್ ಮಾತ್ರ ಬದಲಿಸುವುದಾ?

ಟರ್ಬೊಸಿಳ್ಳೆ, ಮೈಸೂರು:

ಹಾಕಿಸಿ ಗುರು, ಯೋಚನೆ ಯಾಕೆ! ನಾನು ನನ್ನ ಡೀಸೆಲ್ ಎಸ್‌ಯುವಿಗೆ ಎರಡು ವರ್ಷದ ಹಿಂದೆ ಕೋನ್ ಹಾಕಿಸಿದೆ. ಆ ಸೌಂಡ್ ಇದೆಯಲ್ಲ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಉಸಿರೆಳೆಯುವುದು ಕಿವಿಗೇ ಕೇಳುತ್ತದೆ, ಕಾಲು ತೆಗೆದರೆ ಹುಸ್ಸ್ ಅಂತ ಬಿಡುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಕಿಟಕಿ ಇಳಿಸಿಕೊಂಡೇ ಹೋಗುತ್ತೇನೆ. ಪವರ್ ಬಂತಾ ಅಂತ ಕೇಳಿದರೆ, ಬಂದ ಹಾಗೆ ಅನಿಸುತ್ತದೆ. ಮೈಲೇಜ್ ಮಾತ್ರ ಕೇಳಬೇಡಿ, ಸೌಂಡ್ ಕೇಳಲಿಕ್ಕೇ ನಾನು ಜಾಸ್ತಿ ಒತ್ತುತ್ತೇನೆ.

ಗ್ಯಾರೇಜ್ ಮಾವ, ಹೊಸಪೇಟೆ:

ತಮ್ಮಾ, ದುಡ್ಡು ಜೇಬಲ್ಲೇ ಇರಲಿ, ಮೊದಲು ಬಾನೆಟ್ ಎತ್ತು.

ನಿನ್ನ ಗಾಡಿಗೆ ಕಂಪನಿ ಹಾಕಿಕೊಟ್ಟಿರುವುದೇ ಕೋಲ್ಡ್ ಏರ್ ಇನ್‌ಟೇಕ್. ಈಗಿನ ಯಾವ ಗಾಡಿಯದ್ದಾದರೂ ಫಿಲ್ಟರ್ ಡಬ್ಬದಿಂದ ಹೊರಟ ಪೈಪಿನ ಜಾಡು ಹಿಡಿದು ಹೋಗು, ಅದರ ಬಾಯಿ ಸಾಮಾನ್ಯವಾಗಿ ಗ್ರಿಲ್ ಹಿಂದೆ ಇರುತ್ತದೆ, ಇಲ್ಲ ಮಡ್‌ಗಾರ್ಡ್ ಸಂದಿಯಲ್ಲಿ ಇರುತ್ತದೆ. ಎಂಜಿನ್ ಬಿಸಿಗೆ ಸಿಗದ ಹಾಗೆ ಹೊರಗಿನ ಗಾಳಿ ಎಳೆಯಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅಂಗಡಿಯವರು ಆ ಡಬ್ಬ ಕಿತ್ತು, ಎಂಜಿನ್ ಪಕ್ಕದಲ್ಲಿ ಬರೀ ಕೋನ್ ನೇತುಹಾಕಿದರೆ ಅದು ಎಳೆಯುವುದು ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿ. ಹೆಸರು ಕೋಲ್ಡ್, ಒಳಗೆ ಹೋಗುವುದು ಹಾಟ್. ಹೊರಗೆ 25 ಡಿಗ್ರಿ ಇದ್ದು ಬಾನೆಟ್ ಒಳಗೆ 55 ಇದೆ ಅಂದುಕೋ. ಅಷ್ಟಕ್ಕೇ ಗಾಳಿ ನೂರಕ್ಕೆ 9ರಷ್ಟು ತೆಳ್ಳಗಾಗುತ್ತದೆ. ಕೊಟ್ಟ ದುಡ್ಡಿಗೆ ಗಾಳಿ ಕಡಿಮೆ ಆಯಿತು.

ಇನ್ನು 15 ಎಚ್‌ಪಿ. ನಿನ್ನ ಎಂಜಿನ್ 130 ಎಚ್‌ಪಿಯದ್ದು. ಪೆಟ್ರೋಲ್ ಎಂಜಿನ್ ಬಂದ ಗಾಳಿಗೆ ತಕ್ಕ ಪೆಟ್ರೋಲ್ ಬೆರೆಸಿಕೊಳ್ಳುತ್ತದೆ, ಡೀಸೆಲ್ ಹಾಗಲ್ಲ. ಅದಕ್ಕೆ ಗಾಳಿ ಯಾವತ್ತೂ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಪವರ್ ಎಷ್ಟು ಅನ್ನುವುದನ್ನು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಎಷ್ಟು ಡೀಸೆಲ್ ಬಿಡುತ್ತದೆ ಅನ್ನುವುದು ತೀರ್ಮಾನ ಮಾಡುತ್ತದೆ. ಟರ್ಬೊ ಎಷ್ಟು ಒತ್ತಡ ಕೊಡಬೇಕು ಅನ್ನುವುದೂ ಇಸಿಯು ಕೈಯಲ್ಲೇ. ಎಲೆ ಮೇಲೆ ಅನ್ನ ಅಷ್ಟೇ ಇದೆ, ನೀನು ಸಾರು ಎರಡು ಸೌಟು ಜಾಸ್ತಿ ಸುರಿದರೆ ಹೊಟ್ಟೆ ತುಂಬುತ್ತದಾ? ರೀಮ್ಯಾಪ್ ಮಾಡಿಸಿದ, ಅಂದರೆ ಇಸಿಯು ಒಳಗಿನ ಲೆಕ್ಕವನ್ನೇ ಬದಲಿಸಿದ ಗಾಡಿಗಾದರೆ ಬೇರೆ ಮಾತು. ಮಾಡಿಸದ ಗಾಡಿಗೆ ಇಂಥ ಕಿಟ್ಟಿನಿಂದ ಸಿಗುವುದು ಆ ಮೈಸೂರು ಹುಡುಗ ಹೇಳಿದ್ದೇ, ಸೌಂಡ್.

ನಮ್ಮ ಕಡೆ ಸಂಡೂರು ರಸ್ತೆಯಲ್ಲಿ ಓಡುವ ಗಾಡಿಗಳನ್ನು ನಾನು ದಿನಾ ನೋಡುತ್ತೇನೆ. ಅದಿರಿನ ಧೂಳು, ಕುಂಕುಮದ ಹಾಗೆ ನುಣ್ಣಗೆ. ಒಬ್ಬರು ಕಡಿಮೆ ಬೆಲೆಯ ಕೋನ್ ಹಾಕಿಸಿಕೊಂಡು ಒಂದು ವರ್ಷ ಓಡಿಸಿ ಬಂದರು, ಆಯಿಲ್ ಕುಡಿಯುತ್ತಿದೆ ಅಂತ. ಫಿಲ್ಟರ್ ಆಚೆಗಿನ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿದೆ. ಬಟ್ಟೆ ಕೆಂಪು. ಟರ್ಬೊ ಫ್ಯಾನಿನ ಅಂಚು ಇಲಿ ಕಡಿದ ಹಾಗೆ ಆಗಿತ್ತು. ಪಿಸ್ಟನ್ ರಿಂಗೂ ಸವೆದಿತ್ತು. ಗಾಳಿ ಸಲೀಸಾಗಿ ಬರುವ ಫಿಲ್ಟರ್ ಅಂದರೆ ಎಷ್ಟೋ ಸಲ ಧೂಳಿಗೂ ಸಲೀಸು ಅಂತಲೇ ಅರ್ಥ. ನಿನ್ನ ಎಂಜಿನ್ 2,000 ಆರ್‌ಪಿಎಂನಲ್ಲಿ, ಟರ್ಬೊ ಲೆಕ್ಕಕ್ಕೆ ಹಿಡಿಯದೆಯೇ, ನಿಮಿಷಕ್ಕೆ ಹತ್ತಿರ ಹತ್ತಿರ 2,200 ಲೀಟರ್ ಗಾಳಿ ನುಂಗುತ್ತದೆ. ತೋಟದ ರಸ್ತೆಯಲ್ಲಿ ಮುಂದಿನ ಗಾಡಿ ಎಬ್ಬಿಸಿದ ಧೂಳಲ್ಲಿ ಅಷ್ಟು ಗಾಳಿ ಅಂದರೆ ಲೆಕ್ಕ ಹಾಕು.

ಹಳೆಯ ಜೀಪು, ಟ್ರ್ಯಾಕ್ಟರ್‌ಗಳಲ್ಲಿ ಆಯಿಲ್ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇತ್ತು, ಬಟ್ಟಲು ತೆಗೆದರೆ ತಳದಲ್ಲಿ ಕೆಸರು ಕೂತಿರುತ್ತಿತ್ತು. ನಾನು ಕೆಲಸ ಕಲಿತಿದ್ದೇ ಆ ಬಟ್ಟಲು ತೊಳೆದು. ಅದಿರಲಿ. ಗಾಡಿ ಮೊದಲು ಚೆನ್ನಾಗಿತ್ತು, ಈಗ ಎಳೆಯುತ್ತಿಲ್ಲ ಅಂದರೆ ಏನೋ ಕೆಟ್ಟಿದೆ. ಕೆಟ್ಟಿರುವುದನ್ನು ಹುಡುಕು. ಏರ್ ಫಿಲ್ಟರ್ ಕೊನೆಗೆ ಯಾವಾಗ ಬದಲಿಸಿದೆ? ಟರ್ಬೊದಿಂದ ಬಂದ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಇದೆಯಲ್ಲ, ಅದರ ಹೋಸು, ಅದರ ಕ್ಲಾಂಪು ನೋಡಿದೆಯಾ? ಹೋಸ್ ಜಾಯಿಂಟ್ ಹತ್ತಿರ ಎಣ್ಣೆ ಜಿಡ್ಡು ಹೊಸದಾಗಿ ಕಾಣಿಸುತ್ತಿದೆಯಾ?

ತೋಟದ ಥಾರ್, ಸಕಲೇಶಪುರ:

ಮಾವ, ನಾಚಿಕೆ ಆಗುತ್ತಿದೆ. ಹಿಂದಿನ ಸರ್ವೀಸ್ ನಾನೇ ತೋಟದಲ್ಲಿ ಮಾಡಿದೆ. ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿದೆ. ಏರ್ ಫಿಲ್ಟರ್ ಮುಟ್ಟಲಿಲ್ಲ. ಅದಕ್ಕೂ ಮುಂಚೆ ಬದಲಿಸಿದ್ದು 35 ಸಾವಿರದಲ್ಲೋ ಏನೋ. ನಾಳೆ ತೆಗೆದು ನೋಡುತ್ತೇನೆ. ಆದರೂ ಒಂದು ಕೇಳುತ್ತೇನೆ, ಡಬ್ಬ ಹಾಗೇ ಇಟ್ಟು ತೊಳೆದು ಬಳಸುವ ಹತ್ತಿಬಟ್ಟೆ ಫಿಲ್ಟರ್ ಹಾಕಿದರೆ? ಕೆ ಅಂಡ್ ಎನ್ ಥರದ್ದು. ಪದೇ ಪದೇ ದುಡ್ಡು ಹಾಕುವುದು ತಪ್ಪುತ್ತದಲ್ಲ.

ಕಣಿವೆ ಕನ್ನಡಿಗ, ಕ್ಯಾಲಿಫೋರ್ನಿಯಾ:

ನಾನು ತುಮಕೂರಿನವನು, ಈಗ ಸ್ಯಾನ್ ಹೊಸೆ ಹತ್ತಿರ ಇದ್ದೇನೆ. ನನ್ನದು 2016ರ ಟೊಯೋಟಾ 4ರನ್ನರ್, 4 ಲೀಟರ್ ವಿ6 ಪೆಟ್ರೋಲ್, ಟರ್ಬೊ ಇಲ್ಲ. ನಾನು ಇನ್‌ಟೇಕ್ ಹಾಕಿಸಿ ಮೂರು ವರ್ಷ ಆಯಿತು, ಹಾಗಾಗಿ ಎರಡೂ ಕಡೆಯ ಮಾತು ಹೇಳಬಲ್ಲೆ.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಇದರಿಂದ ಸ್ವಲ್ಪ ಉಪಯೋಗ ಇದೆ. ಅದೂ ಮೇಲಿನ ಆರ್‌ಪಿಎಂನಲ್ಲಿ, ಕಾಲು ಪೂರ್ತಿ ಒತ್ತಿದಾಗ ಮಾತ್ರ. ದಿನಾ ಆಫೀಸಿಗೆ ಹೋಗಿ ಬರುವಾಗ ನನಗೆ ಏನೂ ಗೊತ್ತಾಗಿಲ್ಲ, ನಿಜ ಹೇಳಬೇಕಲ್ಲ. ಆದರೆ ಕಿಟ್ ಆರಿಸುವಾಗ ನಾನು ನೋಡಿದ್ದು ಎಚ್‌ಪಿ ಅಲ್ಲ. ಮುಚ್ಚಿದ ಡಬ್ಬ ಇದೆಯಾ, ಅದು ಮೂಲದ ಬಾಯಿಗೇ ಸೇರುತ್ತದಾ ಅಂತ ಮೊದಲು ನೋಡಿದೆ. ಆಮೇಲೆ ಏರ್‌ಫ್ಲೋ ಸೆನ್ಸರ್ ಕೂರುವ ಜಾಗದ ಅಳತೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಆ ಸೆನ್ಸರ್ ಅಳೆಯುವುದು ತನ್ನ ಪಕ್ಕದಲ್ಲಿ ಹಾದುಹೋದ ಗಾಳಿಯನ್ನು ಮಾತ್ರ, ಪೈಪಿನ ಅಗಲ ಇಷ್ಟೇ ಅಂತ ಇಸಿಯು ನಂಬಿಕೊಂಡಿರುತ್ತದೆ. ಪೈಪು ಅಗಲವಾದರೆ ಅಷ್ಟೇ ಗಾಳಿ ನಿಧಾನವಾಗಿ ಹೋಗುತ್ತದೆ, ಸೆನ್ಸರ್ ಕಡಿಮೆ ಅನ್ನುತ್ತದೆ. ಲೆಕ್ಕ ತಪ್ಪಿತು, ಪಿ0101 ಅನ್ನುವ ದೋಷದ ಕೋಡ್ ಬಂತು, ಎಂಜಿನ್ ಲೈಟ್ ಹತ್ತಿತು. ನಿಮ್ಮ ಡೀಸೆಲ್‌ನಲ್ಲಿ ಇದು ಇನ್ನೂ ಸೂಕ್ಷ್ಮ ಅಲ್ವಾ? ಅಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಎಷ್ಟು ತೆರೆಯಬೇಕು, ಹೊಗೆ ಬಾರದ ಹಾಗೆ ಎಷ್ಟು ಡೀಸೆಲ್ ಬಿಡಬಹುದು ಅನ್ನುವುದಕ್ಕೆಲ್ಲ ಆ ಸೆನ್ಸರ್ ಮಾತೇ ಆಧಾರ. ಗಾಳಿ ಕಡಿಮೆ ಅಂತ ಅದು ಸುಳ್ಳು ಹೇಳಿದರೆ ಇಸಿಯು ಡೀಸೆಲ್ಲನ್ನೂ ಕಡಿಮೆ ಮಾಡುತ್ತದೆ. ಪವರ್ ಬೇಕು ಅಂತ ಹಾಕಿಸಿ ಇದ್ದ ಪವರೂ ಕಳೆದುಕೊಂಡ ಹಾಗೆ.

ಹತ್ತಿಬಟ್ಟೆ ಫಿಲ್ಟರ್ ಕೇಳಿದಿರಿ. ಕೆಟ್ಟದ್ದಲ್ಲ. ತೊಳೆದು, ಪೂರ್ತಿ ಒಣಗಿಸಿ, ಅದರದ್ದೇ ಎಣ್ಣೆ ಹಚ್ಚಬೇಕು. ಎಣ್ಣೆ ಕಡಿಮೆಯಾದರೆ ಧೂಳು ಒಳಗೆ, ಜಾಸ್ತಿಯಾದರೆ ಎಣ್ಣೆಯೇ ಒಳಗೆ, ಹೋಗಿ ಸೆನ್ಸರ್ ಮೇಲೆ ಕೂರುತ್ತದೆ. ನಾನೇ ಒಂದು ಸಲ ಧಾರಾಳವಾಗಿ ಹಚ್ಚಿ, ಎರಡು ವಾರ ಐಡಲ್ ಅಲ್ಲಾಡುತ್ತಿದೆ ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಸೆನ್ಸರ್ ಕ್ಲೀನರ್ ಸ್ಪ್ರೇ ಹೊಡೆದು ಸರಿ ಮಾಡಿಕೊಂಡೆ. ಅದಾದ ಮೇಲೆ ಎಣ್ಣೆ ಬೇಡದ ಒಣ ಫಿಲ್ಟರಿಗೆ ಬದಲಾಯಿಸಿದೆ. ನಿಮ್ಮ ಮಣ್ಣು ರಸ್ತೆಗಾದರೆ ಕಾಗದದ ಫಿಲ್ಟರೇ ವಾಸಿ. ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಅಂತ ಒಂದು ಮಾನದಂಡ ಇದೆ, ಧೂಳು ಎಷ್ಟು ಹಿಡಿಯಿತು, ಗಾಳಿಗೆ ಎಷ್ಟು ಅಡ್ಡಿ ಆಯಿತು ಎರಡನ್ನೂ ಅಳೆಯುತ್ತಾರೆ. ಮಾರುವವರು ಬರೀ ಗಾಳಿಯ ಅಂಕಿ ತೋರಿಸಿದರೆ ಧೂಳಿನ ಅಂಕಿ ಕೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಕಟ್ಟುಪಾಡು ಇದೆ. ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಒಪ್ಪಿಗೆಯ ಇಒ ನಂಬರ್ (ಒಪ್ಪಿಗೆ ಆದೇಶದ ಸಂಖ್ಯೆ) ಇಲ್ಲದ ಇನ್‌ಟೇಕ್ ಹಾಕಿದರೆ ಎರಡು ವರ್ಷಕ್ಕೊಮ್ಮೆ ಬರುವ ಹೊಗೆ ತಪಾಸಣೆ, ಸ್ಮಾಗ್ ಚೆಕ್‌ನಲ್ಲಿ ಬಾನೆಟ್ ಎತ್ತಿ ನೋಡಿಯೇ ಫೇಲ್ ಮಾಡುತ್ತಾರೆ, ಹೊಗೆ ಎಷ್ಟೇ ಚೆನ್ನಾಗಿರಲಿ.

ಕಡಲತೀರದ ಅಕ್ಕ, ಮಂಗಳೂರು:

ಇನ್ಶೂರೆನ್ಸ್ ಕ್ಲೇಮಿನ ಗಾಡಿಗಳನ್ನು ನೋಡುವುದೇ ನನ್ನ ಕೆಲಸ. ಜೂನ್ ಬಂದರೆ ನೀರು ಕುಡಿದ ಎಂಜಿನ್‌ಗಳ ಸಾಲು. ಹಾಗಾಗಿ ಮಳೆಯ ವಿಚಾರ ನಾನು ಹೇಳುತ್ತೇನೆ.

ಥಾರ್ 650 ಮಿಲಿಮೀಟರ್ ನೀರಲ್ಲಿ ಹೋಗಬಹುದು ಅಂತ ಕಂಪನಿ ಹೇಳುತ್ತದೆ. ಆ ಲೆಕ್ಕ ಮೂಲದ ಡಬ್ಬ, ಮೂಲದ ಪೈಪು ಇದ್ದಾಗ. ಇನ್‌ಟೇಕಿನ ಬಾಯಿ ಎಲ್ಲಿದೆ ಅನ್ನುವುದರ ಮೇಲೇ ಆ ಅಂಕಿ ನಿಂತಿದೆ. ಕೆಲವು ಕಿಟ್‌ಗಳಲ್ಲಿ ತಂಪು ಗಾಳಿ ಸಿಗಲಿ ಅಂತ ಪೈಪನ್ನು ಕೆಳಗೆ ಬಂಪರ್ ಹಿಂದಿನವರೆಗೂ ಇಳಿಸುತ್ತಾರೆ. ಅವು ನಿಜವಾದ ಕೋಲ್ಡ್ ಏರ್, ಒಪ್ಪೋಣ. ನಮ್ಮ ಮಳೆಗಾಲಕ್ಕೆ ಅವು ಸ್ಟ್ರಾ ಇದ್ದ ಹಾಗೆ. ಬಾವಿಗೆ ಇಳಿಬಿಟ್ಟ ಫುಟ್‌ವಾಲ್ವ್ ಅಂದರೂ ಸರಿ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸಿಲಿಂಡರಿಗೆ ಒಂದು ಲೋಟ ಹೋದರೂ ಸಾಕು, ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಜನ ಮಾಡುವ ದೊಡ್ಡ ತಪ್ಪು, ನಿಂತ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯುವುದು. ದಯವಿಟ್ಟು ಹೊಡೆಯಬೇಡಿ. ತಳ್ಳಿಸಿ, ಟೋ ಮಾಡಿಸಿ, ಏನಾದರೂ ಮಾಡಿ.

ಎಂಜಿನ್ ಒಳಗೆ ನೀರು ಹೋಗಿ ಆದ ನಷ್ಟಕ್ಕೆ ಮಾಮೂಲಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕವರ್ ತೆಗೆದುಕೊಂಡಿರಬೇಕು. ತೆಗೆದುಕೊಂಡಿದ್ದರೂ, ಬಾನೆಟ್ ಎತ್ತಿದಾಗ ಕೆಂಪು ಕೋನ್ ಕಂಡರೆ ಮೊದಲ ಪ್ರಶ್ನೆ ಅದರ ಬಗ್ಗೆಯೇ ಬರುತ್ತದೆ. ಇದನ್ನು ಹಾಕಿಸಿದ್ದನ್ನು ತಿಳಿಸಿದ್ದಿರಾ ಅಂತ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ದಾರಿಯಲ್ಲಿ ಪೊಲೀಸರು ಫಿಲ್ಟರ್ ನೋಡಲು ನಿಲ್ಲಿಸುವುದಿಲ್ಲ, ಅದು ನಿಜ. ಕ್ಲೇಮ್ ದಿನ ಮಾತ್ರ ಎಲ್ಲ ನೆನಪಾಗುತ್ತದೆ.

ನಿಮಗೆ ಏನಾದರೂ ಹಾಕಿಸಲೇಬೇಕು ಅಂತ ಕೈ ತುರಿಸುತ್ತಿದ್ದರೆ ಸ್ನಾರ್ಕೆಲ್ ಬಗ್ಗೆ ಯೋಚಿಸಿ. ಬಾಯಿ ಮಾಡಿನ ಎತ್ತರಕ್ಕೆ ಹೋಗುತ್ತದೆ, ಅಲ್ಲಿ ಧೂಳೂ ಕಡಿಮೆ. ಆದರೆ ಜಾಯಿಂಟೆಲ್ಲ ಸೀಲ್ ಆಗಿರಬೇಕು, ಬರೀ ಚಂದಕ್ಕೆ ಹಾಕಿದ ಸ್ನಾರ್ಕೆಲ್ ಬೇಕಾದಷ್ಟು ನೋಡಿದ್ದೇನೆ. ಒಂದರಲ್ಲಿ ಪೈಪು ಡಬ್ಬಕ್ಕೆ ಸೇರಿಯೇ ಇರಲಿಲ್ಲ!

ಟರ್ಬೊಸಿಳ್ಳೆ, ಮೈಸೂರು:

ಎಲ್ಲರೂ ಸೇರಿ ನನ್ನನ್ನು ಹೆದರಿಸಿದಿರಿ. ಸುಮ್ನೆ ಇರಲಾಗದೆ ನಿನ್ನೆ ಒಬಿಡಿ ಡಾಂಗಲ್ (ಗಾಡಿಯ ಸೆನ್ಸರ್ ಅಂಕಿಗಳನ್ನು ಓದುವ ಪುಟ್ಟ ಸಾಧನ) ಹಾಕಿ ಒಳಗೆ ಹೋಗುವ ಗಾಳಿಯ ಬಿಸಿ ನೋಡಿದೆ. ಹೊರಗೆ 31 ಡಿಗ್ರಿ. ರಿಂಗ್ ರೋಡಿನಲ್ಲಿ 80ರ ವೇಗದಲ್ಲಿ 40. ದೇವರಾಜ ಅರಸು ರಸ್ತೆ ಟ್ರಾಫಿಕ್‌ನಲ್ಲಿ 58, 59, ಒಮ್ಮೆ 62. ಪಕ್ಕದ ಮನೆಯವರದ್ದೂ ಅದೇ ಗಾಡಿ, ಏನೂ ಹಾಕಿಸಿಲ್ಲ. ಅದೇ ರಸ್ತೆಯಲ್ಲಿ ಅವರದ್ದು 41 ದಾಟಲಿಲ್ಲ. ಬಿಳಿ ಬಟ್ಟೆ ಪರೀಕ್ಷೆ ಇನ್ನೂ ಮಾಡಿಲ್ಲ ಮಾವ. ಧೈರ್ಯ ಸಾಲುತ್ತಿಲ್ಲ.

ಗ್ಯಾರೇಜ್ ಮಾವ, ಹೊಸಪೇಟೆ:

ಮಾಡು ಮಾರಾಯ. ಬಟ್ಟೆಯ ಬೆಲೆ 10 ರೂಪಾಯಿ, ಟರ್ಬೊ ಬೆಲೆ ಕೇಳಿ ನೋಡು.

ತೋಟದ ಥಾರ್, ಸಕಲೇಶಪುರ:

ಎಲ್ಲರಿಗೂ ಅಪ್‌ಡೇಟ್. ನಗಬೇಡಿ.

ಇವತ್ತು ಬೆಳಿಗ್ಗೆ ಫಿಲ್ಟರ್ ಡಬ್ಬದ ಮುಚ್ಚಳ ತೆಗೆದೆ. ಕೆಳಗಿನ ಅರ್ಧ ಪೂರ್ತಿ ಇಲಿ ಗೂಡು. ಸಿಲ್ವರ್ ಓಕ್ ಎಲೆ, ಗೋಣಿಚೀಲದ ನಾರು, ನನ್ನದೇ ಸೀಟ್ ಕವರಿನ ಸ್ಪಂಜು, ಒಂದು ಮುಷ್ಟಿ ಕಾಫಿ ಬೀಜ, ಆರು ಹಲಸಿನ ಬೀಜ. ಕಾಫಿ ಬೀಜ ಚೆನ್ನಾಗಿ ಸಿಪ್ಪೆ ಬಿಡಿಸಿ ಇಟ್ಟಿತ್ತು, ನಮ್ಮ ಆಳುಗಳೂ ಅಷ್ಟು ನೀಟಾಗಿ ಮಾಡುವುದಿಲ್ಲ. ಕುಯ್ಲು ಮುಗಿದ ಮೇಲೆ ಗಾಡಿ ಮೂರು ವಾರ ಗೋಡೌನ್ ಪಕ್ಕ ನಿಂತೇ ಇತ್ತು, ಆಗಲೇ ಬಂದು ಸೇರಿಕೊಂಡಿರಬೇಕು. ಗಾಳಿ ಬರುವ ದಾರಿಯಲ್ಲಿ ಮುಕ್ಕಾಲು ಪಾಲು ಮುಚ್ಚಿತ್ತು. ಫಿಲ್ಟರಿನ ಬಣ್ಣ ಏನಿತ್ತು ಅಂತ ಹೇಳಲಾಗದ ಸ್ಥಿತಿ. ಪುಣ್ಯಕ್ಕೆ ಇಲಿ ಅದನ್ನು ತೂತು ಮಾಡಿಲ್ಲ. ಫಿಲ್ಟರ್ ಆಚೆ ಕಡೆ ಬಿಳಿ ಪಂಚೆ ತುಂಡಿನಲ್ಲಿ ಒರೆಸಿದೆ, ಬಟ್ಟೆ ಬಿಳಿಯಾಗಿಯೇ ಇದೆ.

ಎಲ್ಲ ಬಳಿದು ತೆಗೆದು, ಡಬ್ಬ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಸಕಲೇಶಪುರದಲ್ಲೇ ಸಿಕ್ಕಿದ ಕಾಗದದ ಫಿಲ್ಟರ್ ಹಾಕಿದೆ. ಸಾವಿರ ರೂಪಾಯಿಯೂ ಆಗಲಿಲ್ಲ. ಮಧ್ಯಾಹ್ನ ಮಾರನಹಳ್ಳಿವರೆಗೂ ಇಳಿದು ವಾಪಸ್ ಹತ್ತಿದೆ. ಮೂರನೇ ಗೇರ್, 2,000 ಆರ್‌ಪಿಎಂ, ಒತ್ತಿದೆ. ಹೋಯಿತು! ಎರಡು ಟ್ಯಾಂಕರ್ ಹಿಂದೆ ಹಾಕಿದೆ. ತಮ್ಮ ಹಿಂದಿನಿಂದ ಬರುತ್ತಿದ್ದ, ಹೊಗೆ ಇಲ್ಲ ಅಂದ.

ಕಿಟ್ಟು ಸದ್ಯಕ್ಕೆ ಬೇಡ ಅಂತ ಅಂಗಡಿಗೆ ಫೋನ್ ಮಾಡಿ ಹೇಳಿದೆ. ಮಾವ, ಈಗ ಹೊಸ ಪ್ರಶ್ನೆ. ಇಲಿ ಮತ್ತೆ ಬರದ ಹಾಗೆ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಲಾ?

ಗ್ಯಾರೇಜ್ ಮಾವ, ಹೊಸಪೇಟೆ:

ಸೊಳ್ಳೆ ಜಾಲರಿ ಬೇಡವೇ ಬೇಡ. ಎರಡು ದಿನದಲ್ಲಿ ಧೂಳು, ಹುಳ ಕಟ್ಟಿಕೊಂಡು ಇಲಿಯ ಕೆಲಸ ಅದೇ ಮಾಡುತ್ತದೆ. ತುಕ್ಕು ಹಿಡಿಯದ ತಂತಿ ಜಾಲರಿ ತಗೋ, ಕಣ್ಣು 10 ಮಿ.ಮೀ. ಇರಲಿ, ತುದಿಯೆಲ್ಲ ಒಳಗೆ ಮಡಚಿ ಪೈಪಿನ ಬಾಯಿಯ ಹೊರಗೆ ಬಿಗಿಯಾಗಿ ಕಟ್ಟು. ಒಂದು ತುಂಡು ತಂತಿಯೂ ಬಿಚ್ಚಿ ಒಳಗೆ ಹೋಗಬಾರದು. ಮರಿ ಇಲಿ ಆದರೂ ನುಸುಳಬಹುದು, ಹಾಗಾಗಿ ಗಾಡಿ ನಿಂತಾಗ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡು. ಹಳೆಯ ಫಿಲ್ಟರನ್ನು ಗಾಳಿ ಹೊಡೆದು ಮತ್ತೆ ಬಳಸೋಣ ಅಂತ ಇಟ್ಟುಕೊಳ್ಳಬೇಡ, ಕಂಪ್ರೆಸರ್ ಗಾಳಿಗೆ ಕಾಗದ ಕಣ್ಣಿಗೆ ಕಾಣದ ಹಾಗೆ ಸೀಳುತ್ತದೆ. ವೈರಿಂಗೂ ಒಮ್ಮೆ ನೋಡಿಬಿಡು, ಗೂಡು ಕಟ್ಟಿದ್ದು ಸುಮ್ನೆ ಕೂತಿರುವುದಿಲ್ಲ.

ಟರ್ಬೊಸಿಳ್ಳೆ, ಮೈಸೂರು:

ಬಟ್ಟೆ ಪರೀಕ್ಷೆ ಮಾಡಿದೆ. ತೆಳುವಾಗಿ ಕಂದು. ಮಾವ, ನನ್ನ ಹಳೆಯ ಡಬ್ಬ ಅಟ್ಟದ ಮೇಲೆ ಇದೆ, ಒಂದು ಕ್ಲಿಪ್ ಮುರಿದಿದೆ. ಆ ಕ್ಲಿಪ್ ಒಂದೇ ಸಿಗುತ್ತದಾ, ಇಲ್ಲ ಪೂರ್ತಿ ಡಬ್ಬವೇ ತಗೋಬೇಕಾ?

ತೋಟದ ಥಾರ್, ಸಕಲೇಶಪುರ:

ತಗೊಳ್ಳುವ ಮುಂಚೆ ಒಳಗೆ ನೋಡಿ ಗುರು. ಅಟ್ಟದಲ್ಲೂ ಇಲಿ ಇರುತ್ತದೆ.